ಮೂರನೇ ಲೈನಿನ ಖಾಲಿ ಕೈ

ತಪ್ಪಾಯಿತು ಎಂಬ ಮಾತು ಸುಮಯ್ಯಳ ಬಾಯಿಂದ ಬಿದ್ದದ್ದನ್ನು ಕೇಳಿದವರು ಸವಣೂರಿನಲ್ಲಿ ಒಬ್ಬರೂ ಇಲ್ಲ. ಚಿಕ್ಕವಳಿದ್ದಾಗ, ಅಪ್ಪ ಗೌಸಸಾಬನ ಹೊಲಿಗೆ ಅಂಗಡಿಯಲ್ಲಿ, ಮದುಮಗನೊಬ್ಬನ ಶೇರ್ವಾನಿಗೆ ಎಡದ ತೋಳನ್ನು ಬಲಕ್ಕೆ ಜೋಡಿಸಿಬಿಟ್ಟಿದ್ದಳು. ಮದುವೆ ಮನೆಯವರು ಬಂದು ಅಂಗಡಿ ಮುಂದೆ ಕೂಗಾಡಿದರು. ಗೌಸಸಾಬ ಎದ್ದು ನಿಂತು ಕೈಮುಗಿದ. ಮಗಳು ಕತ್ತರಿ ಹಿಡಿದುಕೊಂಡೇ, ‘ಅಳತಿ ಕೊಡುವಾಗ ನೀವು ನೆಟ್ಟಗ ನಿಂತಿರಲಿಲ್ಲ’ ಎಂದು ಮದುಮಗನಿಗೇ ಅಂದಳು. ನಗಬೇಕೋ ಎರಡು ಬಿಗಿಯಬೇಕೋ ಅಪ್ಪನಿಗೆ ತಿಳಿಯಲಿಲ್ಲ. ನಕ್ಕುಬಿಟ್ಟ. ಕೆಟ್ಟದ್ದು ಅಲ್ಲೇ ಅನ್ನಬೇಕು.

ಓದಿನಲ್ಲಿ ಮಾತ್ರ ಹುಡುಗಿ ಚುರುಕು. ಡಿಪ್ಲೊಮಾ ಮುಗಿಸಿದಳು, ಇಂಜಿನಿಯರಿಂಗ್ ಮುಗಿಸಿದಳು, ಎಂ.ಟೆಕ್ ಕೂಡ ಮಾಡಿದಳು. ನಂಟರು ವರನ ಸುದ್ದಿ ಹಿಡಿದು ಬಂದಾಗಲೆಲ್ಲ ‘ಮೊದಲ ಡಾಕ್ಟರೇಟ್ ಆಗ್ಲಿ’ ಎಂದು ಚಹಾ ಕುಡಿಸಿ ಹಿಂದಕ್ಕೆ ಕಳಿಸಿದಳು. ಶಿಗ್ಗಾವಿಯ ಹತ್ತಿರ ಹೆದ್ದಾರಿ ಪಕ್ಕದ ಅಂಗಿ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿದ್ದೇ ತಡ, ಆ ಕಾರ್ಖಾನೆಯನ್ನೇ ತನ್ನ ಸಂಶೋಧನೆಯ ವಿಷಯ ಮಾಡಿಕೊಂಡಳು.

ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಹೊಲಿಯುತ್ತಾರೆ. ಒಬ್ಬಳು ಕಾಲರು, ಒಬ್ಬಳು ಜೇಬು, ಒಬ್ಬಳು ತೋಳು, ಒಬ್ಬಳು ಕಫ್ಫು. ಒಬ್ಬಳು ಮುಗಿಸಿದ್ದು ಕಟ್ಟುಕಟ್ಟಾಗಿ ಮುಂದಿನವಳಿಗೆ ದಾಟುತ್ತದೆ, ಸಾಲಿನ ಕೊನೆಗೆ ಅಂಗಿಯಾಗಿ ಹೊರಬೀಳುತ್ತದೆ. ಅಂಥದ್ದೊಂದು ಸಾಲಿಗೆ ಲೈನು ಅನ್ನುತ್ತಾರೆ. ಸುಮಯ್ಯ ಮೂರನೇ ಲೈನನ್ನು ಎತ್ತಿ ಕಂಪ್ಯೂಟರಿನೊಳಗೆ ಕಟ್ಟಿದಳು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು, ಒಂದೊಂದು ಚೌಕಕ್ಕೆ ಒಬ್ಬ ಹೆಂಗಸು. ಯಾರ ಮುಂದೆ ಬಟ್ಟೆ ರಾಶಿ ಬೀಳುತ್ತದೋ ಅವಳ ಚೌಕ ಕೆಂಪಾಗುತ್ತದೆ. ಯಾರನ್ನು ಎಲ್ಲಿ ಕೂಡಿಸಿದರೆ, ಯಾರನ್ನು ಎಬ್ಬಿಸಿದರೆ ಅಂಗಿಗಳು ಹೆಚ್ಚು ಬರುತ್ತವೆ ಎಂಬುದನ್ನು ನೆಲದ ಮೇಲೆ ಮಾಡಿ ಕೆಡಿಸಿಕೊಳ್ಳುವ ಬದಲು ಪರದೆಯ ಮೇಲೆ ಓಡಿಸಿ ನೋಡುವುದು. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಪರದೆಯ ಲೈನು ನೆಲದ ಲೈನಿನ ಹಾಗೆಯೇ ನಡೆದರೆ ಮಾದರಿ ಸರಿ. ನಡೆಯದಿದ್ದರೆ ಅದು ಮಕ್ಕಳಾಟ. ತನ್ನ ಮಾದರಿ ಸರಿ ಎಂದು ಎಲ್ಲರೂ ಒಪ್ಪಬೇಕು, ಹೆಸರಿನ ಹಿಂದೆ ಡಾಕ್ಟರ್ ಎಂದು ಬರಬೇಕು. ಸುಮಯ್ಯಳಿಗೆ ಬೇಕಾಗಿದ್ದು ಇಷ್ಟೇ, ಮತ್ತು ಇದಕ್ಕಿಂತ ಕಡಿಮೆ ಏನೂ ಬೇಡವಾಗಿತ್ತು.

ಲೈನಿನ ಹೆಂಗಸರು ಅವಳನ್ನು ಕಂಡರೆ ಉರಿದುಬೀಳುತ್ತಿದ್ದರು. ಸ್ಟಾಪ್‌ವಾಚ್ ಹಿಡಿದು ಬೆನ್ನ ಹಿಂದೆ ನಿಲ್ಲುವವಳನ್ನು ಯಾರು ಮುದ್ದು ಮಾಡುತ್ತಾರೆ? ಎಲ್ಲರಿಗಿಂತ ಹೆಚ್ಚು ಉರಿಯುತ್ತಿದ್ದವಳು ಬಂಕಾಪುರದ ಫಕ್ಕೀರವ್ವ, ತೋಳು ಜೋಡಿಸುವವಳು. ಅಗಲ ಮುಖ, ಅದಕ್ಕೆ ತಕ್ಕ ಗಂಟಲು. ಅಷ್ಟು ಮಷೀನುಗಳ ಗದ್ದಲದಲ್ಲೂ ಅವಳು ಬೈದದ್ದು ಗೇಟಿನವರೆಗೆ ಕೇಳಿಸುತ್ತಿತ್ತು.

‘ಏ ಗಡಿಯಾರ, ಹಿಂದ ನಿಂದರಬ್ಯಾಡ. ನಾ ನೀರು ಕುಡಿದ್ರೂ ಟೈಮ್ ಬರಕೋತಿಯೇನು?’ ಎಂದಳು ಮೊದಲ ದಿನವೇ.

‘ಬಾಯಿ ಓಡಿದಷ್ಟು ಕೈ ಓಡಿದ್ರ ನಾ ಇಲ್ಲಿ ನಿಲ್ಲೂ ಪ್ರಸಂಗನ ಬರತಿರಲಿಲ್ಲ’ ಎಂದಳು ಸುಮಯ್ಯ.

ಫಕ್ಕೀರವ್ವ ಮಷೀನಿನ ಮೇಲೆ ಸೆರಗು ಮುಚ್ಚಿ ಕೈಕಟ್ಟಿ ಕುಳಿತುಬಿಟ್ಟಳು. ಸೂಪರ್‌ವೈಸರ್ ಉಳಿವೆಪ್ಪ ಓಡಿಬಂದು ಇಬ್ಬರಿಗೂ ಕೈಮುಗಿಯಬೇಕಾಯಿತು. ಅವತ್ತಿನಿಂದ ಇಡೀ ಕಾರ್ಖಾನೆಗೆ ಸುಮಯ್ಯಳ ಹೆಸರು ಗಡಿಯಾರ. ಕಂಪನಿಯ ಬಸ್ಸಿನಲ್ಲಿ ಅವಳು ಮುಂದಿನ ಸೀಟು, ಹೆಂಗಸರೆಲ್ಲ ಹಿಂದೆ. ಅಣ್ಣ ಫಯಾಜನ ಹೆಂಡತಿ ಅಫ್ಸಾನಾ ಕೂಡ ಹಿಂದೆಯೇ, ಏಕೆಂದರೆ ಅವಳೂ ಮೂರನೇ ಲೈನಿನವಳು. ಫಕ್ಕೀರವ್ವನ ಪಕ್ಕದ ಮಷೀನು ಅವಳದು, ಕಫ್ಫು ಹೊಲಿಯುವ ಕೆಲಸ. ಮನೆಯಲ್ಲಿ ಅತ್ತಿಗೆ ನಾದಿನಿ ಒಂದೇ ತಟ್ಟೆಯಲ್ಲಿ ಉಣ್ಣುವವರು, ಬಸ್ಸು ಹತ್ತಿದ ಕೂಡಲೇ ಪರಿಚಯ ಇಲ್ಲದವರ ಹಾಗೆ.

ಆ ವರ್ಷ ರಂಜಾನ್ ಬಿಸಿಲಿನ ದಿನಗಳಲ್ಲಿ ಬಂತು. ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಕೂರುವುದು ನೀರು ಕುಡಿಯುವವರಿಗೇ ಕಷ್ಟ. ಮೂರನೇ ಲೈನಿನಲ್ಲಿ ಅರ್ಧದಷ್ಟು ಹೆಂಗಸರು ಸವಣೂರು, ಬಂಕಾಪುರದ ಮುಸ್ಲಿಂ ಮನೆಗಳವರು, ಎಲ್ಲರೂ ಹಗಲಿನ ಉಪವಾಸದ ರೋಜಾ ಹಿಡಿಯುವವರು. ಮ್ಯಾನೇಜರ್ ಚಹಾ ಹೀರುತ್ತ ಸುಮಯ್ಯಳ ಎದುರಿಗೇ ಅಂದ, ‘ಬಂತಲ್ರಿ ಮೇಡಂ ನಿಮ್ಮ ರಂಜಾನ್. ಇನ್ನ ಒಂದ ತಿಂಗಳು ಮೂರನೇ ಲೈನ್ ಕುಂಟತೈತಿ.’

ಅವಳಿಗೆ ಮೈಯೆಲ್ಲ ಬೆಂಕಿ. ತಾನೂ ರೋಜಾ ಇದ್ದಳು, ತನ್ನ ಕೆಲಸ ಎಲ್ಲಿ ಕುಂಟಿದೆ? ಬೆಳಿಗ್ಗೆ ಲೈನಿನಲ್ಲಿ ಸ್ಟಾಪ್‌ವಾಚ್, ಮಧ್ಯಾಹ್ನ ಕಂಪ್ಯೂಟರು. ಆ ಕಂಪ್ಯೂಟರು ಮೇಲಿನ ಏಸಿ ಕೋಣೆಯಲ್ಲಿದೆ ಎಂಬ ಸಂಗತಿ ಅವಳ ತಲೆಗೆ ಹೋಗಲಿಲ್ಲ. ಹೋಗುವುದೂ ಇಲ್ಲ ಅಂಥವರಿಗೆ.

ಮಧ್ಯಾಹ್ನದ ಅಂಕಿಗಳಿಗೆ ಅವಳು ಕೆಳಗಿಳಿಯುವ ಅಗತ್ಯವೇ ಇರಲಿಲ್ಲ. ಪ್ರತಿಯೊಬ್ಬಳ ಕೊರಳಲ್ಲಿ ಒಂದು ಕಾರ್ಡು. ಒಂದು ಕಟ್ಟು ಹೊಲಿದು ಮುಗಿಸಿದರೆ ಮಷೀನಿಗೆ ಕಾರ್ಡು ತೋರಿಸಬೇಕು, ಅವಳ ಹೆಸರಿಗೆ ಅದು ಜಮಾ ಆಗಿ ತಾನಾಗಿ ಮೇಲಿನ ಕಂಪ್ಯೂಟರಿಗೆ ಬರುತ್ತದೆ. ಹಬ್ಬ ಮುಗಿದ ಮೇಲೆ ಆ ಅಂಕಿಗಳನ್ನೆಲ್ಲ ಕೂಡಿಸಿ ಗೆರೆ ಎಳೆದು ನೋಡಿದಳು. ರೋಜಾ ಇದ್ದ ಹೆಂಗಸರ ಕೆಲಸ ಮಧ್ಯಾಹ್ನವೂ ಒಂದಿಷ್ಟೂ ಇಳಿದಿರಲಿಲ್ಲ. ಕುರ್ಚಿ ಬಿಟ್ಟು ಎದ್ದು ನಿಂತಳು. ಮ್ಯಾನೇಜರನ ಮುಖಕ್ಕೆ ಹೊಡೆದ ಹಾಗಿತ್ತು ಆ ಗೆರೆ.

ಅದೇ ಚಿತ್ರದಲ್ಲಿ ರೋಜಾ ಇಲ್ಲದವರ ಗೆರೆಗಳು ತುಸು ಬಾಗಿದ್ದವು, ಅವುಗಳಲ್ಲಿ ಒಂದು ಮಾತ್ರ ಧೊಪ್ಪನೆ ಕೆಳಗೆ ಬಿದ್ದಿತ್ತು. ತೋಳಿನ ಫಕ್ಕೀರವ್ವ, ಮಧ್ಯಾಹ್ನವಾದರೆ ಅರ್ಧ ಕೆಲಸ. ಸುಮಯ್ಯಳಿಗೆ ಒಂದೇ ಏಟಿಗೆ ಎರಡು ಹಬ್ಬ. ನಮ್ಮವರು ಉಪವಾಸ ಇದ್ದು ದುಡಿದರು, ಇವಳು ಉಂಡು ತೂಕಡಿಸಿದಳು! ಬೇರೆ ಯಾರದೇ ಗೆರೆ ಹಾಗೆ ಬಿದ್ದಿದ್ದರೆ ಅವಳು ಎರಡು ಸಲ ನೋಡುತ್ತಿದ್ದಳು. ಫಕ್ಕೀರವ್ವನದು ಎಂದಾಗ ಒಂದು ಸಲ ಸಾಕಾಯಿತು.

ಸಂಶೋಧನೆಗೆ ಗೈಡ್ ಆಗಿದ್ದ ಕಾಲೇಜಿನ ಸುಯಮೀಂದ್ರ ಸರ್ ಕನ್ನಡಕ ಒರೆಸಿ ಪರದೆ ನೋಡಿದರು. ‘ಛಲೋ ಬಂದದ. ತೋಳಿನ ಜಾಗಾದಾಗ ಬ್ಯಾರೆಯವರನ್ನ ಕೂಡಿಸಿ ಓಡಿಸ್ರಿ, ಏನ್ ಆಗ್ತದ ನೋಡೋಣಂತ.’ ಓಡಿಸಿದಳು. ಅಂಗಿಗಳು ಹೆಚ್ಚು ಬಂದವು. ತೋಳಿನ ಜಾಗದ ಹೆಂಗಸನ್ನು ಬದಲಾಯಿಸಬೇಕು ಎಂದು ವರದಿ ಬರೆದು ಮೇಲೆ ಕಳಿಸಿದಳು. ವಾರದೊಳಗೆ ಹುಕುಂ ಆಯಿತು, ಫಕ್ಕೀರವ್ವ ತಿಂಗಳ ಕೊನೆಗೆ ಮನೆಗೆ. ಕಾರ್ಖಾನೆಯವರೆಲ್ಲ ಈಗ ದೊಡ್ಡ ಜಗಳ ಎಂದು ಕಾದರು. ಫಕ್ಕೀರವ್ವ ತುಟಿ ಎರಡು ಮಾಡಲಿಲ್ಲ. ತಲೆ ಬಗ್ಗಿಸಿ ತೋಳು ಜೋಡಿಸುತ್ತ ಕುಳಿತಳು.

ಅವತ್ತು ಸಂಜೆ ಮನೆಯಲ್ಲಿ ಅಫ್ಸಾನಾ ಮೆಂತ್ಯದ ಸೊಪ್ಪು ಸೋಸುತ್ತ ಕೇಳಿದಳು, ‘ಫಕ್ಕೀರವ್ವನ್ನ ಯಾಕ ತಗದ್ರಿ?’

‘ಮಧ್ಯಾಹ್ನ ಕೆಲಸ ಮಾಡಿಲ್ಲ ಅಕಿ. ನೀವೆಲ್ಲ ರೋಜಾ ಹಿಡದು ಮಾಡಿದಷ್ಟು ಅಕಿ ಉಂಡು ಮಾಡಿಲ್ಲ.’

ಅಫ್ಸಾನಾಳ ಕೈ ನಿಂತಿತು. ‘ಅಕಿ ಉಂಡಿಲ್ಲ ಸುಮಯ್ಯಾ. ನಮ್ಮ ಮುಂದ ಬುತ್ತಿ ಬಿಚ್ಚಬಾರದು ಅಂತ ಆ ತಿಂಗಳು ಅಕಿ ಮಧ್ಯಾಹ್ನ ಉಣ್ಣಂಗೇ ಇಲ್ಲ. ನಂದು ಅರ್ಧ ಕೆಲಸ ಅಕಿ ಮಾಡ್ತಾಳ.’

‘ನಿನ್ನ ಕಾರ್ಡಿಗೆ ಜಮಾ ಆಗೈತಲ್ಲ ಭಾಬಿ.’

‘ಕಾರ್ಡ್ ಅಕಿ ಕೊಳ್ಳಾಗ ಇರತೈತಿ. ನನಗ ಕಣ್ಣು ಕತ್ತಲಿ ಬಂದ್ರ ನನ್ನ ಕಟ್ಟು ಎಳಕೊಂಡು ಹೊಲದು ನನ್ನ ಕಾರ್ಡ್ ತೋರಸ್ತಾಳ. ಎಲ್ಲಾರದೂ ಹಂಗ. ಶ್ರಾವಣ ಸೋಮವಾರ ಅವರು ಉಪವಾಸ, ಅವತ್ತ ಅವರ ಕಾರ್ಡ್ ನಮ್ಮ ಕೊಳ್ಳಾಗ.’

ಯಾರು ಶುರು ಮಾಡಿದ್ದೋ ಅಫ್ಸಾನಾಳಿಗೂ ತಿಳಿಯದು. ಕಾರ್ಡು ಬರುವ ಮೊದಲು ಸುಮ್ಮನೆ ಕಟ್ಟು ಎಳೆದುಕೊಳ್ಳುತ್ತಿದ್ದರು, ಕಾರ್ಡು ಬಂದ ಮೇಲೆ ಅದನ್ನೂ ಸೇರಿಸಿಕೊಂಡರು, ಅಷ್ಟೇ. ಸೆರಗಿನ ಒಳಗೆ ಎರಡು ಕಾರ್ಡು ತೂಗಿದರೆ ಯಾರಿಗೆ ಕಾಣಬೇಕು? ಕಾಣಬೇಕಾದವಳು ಮೇಲೆ ಏಸಿಯಲ್ಲಿ ಕುಳಿತಿದ್ದಳು. ತನ್ನ ಜನದ ಮರ್ಯಾದೆ ಉಳಿಸಿದ ಗೆರೆ ಎಂದು ಎದೆ ಉಬ್ಬಿಸಿ ತೋರಿಸಿದಳಲ್ಲ, ಆ ಗೆರೆಯನ್ನು ಮೇಲೆ ಹಿಡಿದು ನಿಲ್ಲಿಸಿದ್ದು ಫಕ್ಕೀರವ್ವನ ಕೈ.

‘ಒಂದ ಮಾತು ಹೇಳಿಬಿಡು,’ ಅಫ್ಸಾನಾ ಅವಳ ಮೊಣಕೈ ಹಿಡಿದುಕೊಂಡಳು. ‘ನನ್ನ ಲೆಕ್ಕ ತಪ್ಪಿತ್ತು ಅನ್ನು. ಕಾರ್ಡಿನ ಮಾತು ಎತ್ತಬ್ಯಾಡ. ಎತ್ತಿದ್ರ ನಾವು ಯಾರೂ ಉಳಿಯಂಗಿಲ್ಲ.’

‘ನನ್ನ ಲೆಕ್ಕ ತಪ್ಪಿಲ್ಲ. ನೀವು ಸುಳ್ಳು ಅಂಕಿ ಕೊಟ್ಟೀರಿ.’

‘ಹೌದವಾ, ತಪ್ಪು ನಮ್ಮದು. ಬಾಯಿಲೆ ಮಾತ್ರ ನಿಂದು ಅನ್ನು. ಅಷ್ಟಕ್ಕ ನಿನ್ನ ಡಾಕ್ಟರೇಟ್ ಓಡಿ ಹೊಕ್ಕತೇನು?’

ಸುಮಯ್ಯ ಮೊಣಕೈ ಬಿಡಿಸಿಕೊಂಡು ‘ಆತು’ ಅಂದಳು. ಅತ್ತಿಗೆ ಅದನ್ನು ನಂಬಿದಳು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ನಲ್ಲಿಯ ಹತ್ತಿರ ಫಕ್ಕೀರವ್ವ ಬಾಟಲಿ ತುಂಬಿಸುತ್ತಿದ್ದಳು. ಸುಮಯ್ಯ ನೇರವಾಗಿ ಹೋಗಿ ಎದುರು ನಿಂತಳು.

‘ಬಾಯಿ ಬಿಟ್ಟು ಒಂದು ಮಾತು ಹೇಳಿದ್ರ ನಿನ್ನ ಕೆಲಸ ಉಳಿತಿತ್ತು. ಯಾಕ ಹೇಳಲಿಲ್ಲ?’

‘ನಿನಗ?’ ಫಕ್ಕೀರವ್ವ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ‘ನಿನಗ ಹೇಳಿದ್ರ ನೀ ಬರಕೊಂತಿದ್ದಿ.’

ಬಾಟಲಿಯ ಮುಚ್ಚಳ ತಿರುಗಿಸಿಕೊಂಡು ಹೋಗಿಬಿಟ್ಟಳು. ಆ ಮಾತಿಗೆ ಸುಮಯ್ಯಳಿಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇವಳನ್ನು ಉಳಿಸಲು ತಾನು ಮೂರ್ಖಳಾಗಬೇಕೇ? ಆದರೂ ಮಾತು ಕೊಟ್ಟಾಗಿತ್ತು, ತಪ್ಪು ಎಂದು ಬರೆಯಲು ಕುಳಿತಳು. ‘ನನ್ನ ಲೆಕ್ಕದಲ್ಲಿ’ ಎಂಬಲ್ಲಿಗೆ ಬೆರಳು ನಿಂತವು. ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಆಮೇಲೆ ಮಾದರಿಯನ್ನು ತೆರೆದು, ಸುಮ್ಮನೆ ನೋಡೋಣ ಎಂದು, ಪಕ್ಕದವಳ ಮುಂದೆ ರಾಶಿ ಬೆಳೆದರೆ ಈಚೆಯವಳು ಕೈ ಹಾಕುತ್ತಾಳೆ ಎಂಬ ಒಂದು ನಿಯಮ ಸೇರಿಸಿ ಓಡಿಸಿದಳು.

ಪರದೆಯ ಲೈನು ನೀರು ಹರಿದ ಹಾಗೆ ಹರಿಯಿತು. ಎಲ್ಲಿಯೂ ಕೆಂಪಿಲ್ಲ. ನಿಜವಾಗಿ ಹೊರಬಿದ್ದ ಅಂಗಿಗಳಿಗೂ ಪರದೆಯ ಅಂಗಿಗಳಿಗೂ ತಾಳೆಯಾಯಿತು. ಅಷ್ಟೇ ಅಲ್ಲ, ಯಾರನ್ನು ಎಲ್ಲಿ ಕೂಡಿಸಿ ಎಷ್ಟು ಹೊಂದಿಸಿದರೂ ಈ ಹೆಂಗಸರು ತಾವಾಗಿ ಕಂಡುಕೊಂಡ ಪದ್ಧತಿಯನ್ನು ಮೀರಿಸಲು ಆಗಲಿಲ್ಲ. ಸುಮಯ್ಯಳ ಕಣ್ಣಲ್ಲಿ ನೀರು ಬಂತು. ಅದು ಫಕ್ಕೀರವ್ವನಿಗಾಗಿ ಬಂದ ನೀರು ಎಂದು ಅವಳು ತಿಳಿದಳು. ಮಾದರಿ ಸರಿಬಂತು ಎಂದು ಬಂದ ನೀರು ಅದು.

ಮುಂದಿನದು ನಿಮಗೆ ಹೊಳೆದಿರಬಹುದು, ಅವಳಿಗೆ ಹೊಳೆಯಲಿಲ್ಲ. ಇದನ್ನು ತೋರಿಸಿದರೆ ಫಕ್ಕೀರವ್ವ ಉಳಿಯುತ್ತಾಳೆ, ಹೆಂಗಸರ ಪದ್ಧತಿಗೆ ಹೊಗಳಿಕೆ ಸಿಗುತ್ತದೆ, ತಪ್ಪು ಒಪ್ಪುವ ಪ್ರಸಂಗವೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ‘ಆತು’ ಎಂದು ಕೊಟ್ಟ ಮಾತಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿತು ಎಂದುಕೊಂಡಳು. ಮ್ಯಾನೇಜರ್, ಸುಯಮೀಂದ್ರ ಸರ್ ಇಬ್ಬರನ್ನೂ ಕೂಡಿಸಿ ಪರದೆ ಹಚ್ಚಿ ಎಲ್ಲ ಬಿಡಿಸಿ ಹೇಳಿದಳು. ಹೆಸರು ಹೇಳಲಿಲ್ಲ. ಹೆಸರು ಕೇಳುವ ಅಗತ್ಯ ಯಾರಿಗಿತ್ತು?

‘ಅದ್ಭುತ ಅದರೀ ಇದು! ಒಬ್ಬರಿಗೊಬ್ಬರು ಕೈ ಹಚ್ಚೂದನ್ನ ಮಾದರಿಯೊಳಗ ತಂದೀರಿ. ಇದರ ಮ್ಯಾಲೆ ಒಂದು ಪೇಪರ್ ಆಗೇ ಆಗ್ತದ’ ಎಂದು ಸುಯಮೀಂದ್ರ ಸರ್ ಟೇಬಲ್ ತಟ್ಟಿದರು.

ಮ್ಯಾನೇಜರ್ ಟೇಬಲ್ ತಟ್ಟಲಿಲ್ಲ. ‘ಅಂದ್ರ ಒಬ್ಬರ ಕಾರ್ಡ್ ಇನ್ನೊಬ್ಬರು ತೋರಸ್ಯಾರ’ ಎಂದ.

‘ಸರ್, ಅದರಿಂದನ ಲೈನ್ ಇಷ್ಟು ಛಲೋ ನಡದೈತಿ. ನೋಡ್ರಿ ಇಲ್ಲೆ...’

‘ಅದು ನಿಮ್ಮ ಪೇಪರ್‌ನ್ಯಾಗ ಬರಕೋರಿ ಮೇಡಂ. ಯಾರ ಕೆಲಸ ಯಾರು ಮಾಡ್ಯಾರ ನನಗ ತಿಳಿಬೇಕು. ಹೊರಗಿನ ಗಿರಾಕಿ ತಪಾಸಣಿಗೆ ಬಂದಾಗ ನಾ ಅವನಿಗೆ ರೋಜಾ, ಶ್ರಾವಣ ಅಂತ ಕಥಿ ಹೇಳಲೇನು?’

ಫಕ್ಕೀರವ್ವ ಉಳಿದಳು. ಹೊಸ ಲೆಕ್ಕದ ಪ್ರಕಾರ ಲೈನಿನಲ್ಲಿ ಎಲ್ಲರಿಗಿಂತ ಚುರುಕು ಕೈ ಅವಳದೇ ಎಂದಾಗಿತ್ತು. ಕಾರ್ಡುಗಳು ಹೋದವು. ಪ್ರತಿ ಮಷೀನಿಗೆ ಹೆಬ್ಬೆರಳು ಒತ್ತುವ ಡಬ್ಬಿ ಕೂಡಿಸಿದರು. ತನ್ನ ಬೆರಳಿಗೆ ತನ್ನ ಕಟ್ಟು ಮಾತ್ರ. ಇನ್ನೊಬ್ಬಳ ಕಟ್ಟು ಮುಟ್ಟಿದರೆ ಆ ದಿನವೇ ಗೇಟಿಗೆ ಎಂದು ಉಳಿವೆಪ್ಪ ಸಾಲು ನಿಲ್ಲಿಸಿ ಓದಿ ಹೇಳಿದ. ಅವನೂ ಕಣ್ಣೆತ್ತಿ ಯಾರನ್ನೂ ನೋಡಲಿಲ್ಲ.

ಅಫ್ಸಾನಾ ಜಗಳ ಮಾಡಲಿಲ್ಲ. ಮಾತು ಬಿಟ್ಟಳು. ಒಂದೇ ತಟ್ಟೆಯ ಊಟ ನಿಂತಿತು. ಸುಮಯ್ಯ ಅಡುಗೆಮನೆಗೆ ಬಂದರೆ ಅವಳು ಹಿತ್ತಲಿಗೆ, ಸುಮಯ್ಯ ಹಿತ್ತಲಿಗೆ ಹೋದರೆ ಅವಳು ಒಳಗೆ. ಗೌಸಸಾಬ ಒಂದು ದಿನ ಮಗಳನ್ನು ಅಂಗಡಿಗೆ ಕರೆದು, ‘ಒಂದ ಮಾತು ಅಂದಿದ್ರ ಏನ್ ಸವದು ಹೋಗತಿತ್ತು ಬೇಟಿ?’ ಎಂದ.

‘ಅಬ್ಬಾಜಾನ್, ನಾ ಹೇಳಿದ್ದು ಸುಳ್ಳಲ್ಲ.’

‘ಹೌದು. ಶೇರ್ವಾನಿ ದಿವಸನೂ ನಾ ನಗಬಾರದಿತ್ತು.’ ಹಾಗೆ ಅಂದು ಅವನು ಮಷೀನು ತುಳಿಯತೊಡಗಿದ.

ಪೇಪರು ಪ್ರಕಟವಾಯಿತು. ಹೆಂಗಸರು ಒಬ್ಬರಿಗೊಬ್ಬರು ಕೈ ಹಚ್ಚುವುದಕ್ಕೆ ಅದರಲ್ಲಿ ಲೆಕ್ಕದ ಗುರುತಾಗಿ ಒಂದು ಸಣ್ಣ ಗ್ರೀಕ್ ಅಕ್ಷರ ಕೊಟ್ಟಿದ್ದರು. ಮೂರನೇ ಲೈನಿನಲ್ಲಿ ಸತ್ತದ್ದು ಅಲ್ಲಿ ಸುಖವಾಗಿ ಬದುಕಿತ್ತು. ಎಲ್ಲೆಲ್ಲಿಂದಲೋ ಮೆಚ್ಚಿ ಬರೆದರು. ಇನ್ನೊಂದು ಸಲ ಅಂಕಿ ತೆಗೆದು, ಹೊಸ ವ್ಯವಸ್ಥೆಯಲ್ಲೂ ಮಾದರಿ ನಡೆಯುತ್ತದೆ ಎಂದು ತೋರಿಸಿದರೆ ಪ್ರಬಂಧ ಮುಗಿದ ಹಾಗೆಯೇ ಎಂದು ಸುಯಮೀಂದ್ರ ಸರ್ ಹೇಳಿದರು. ‘ಹೋದ ವರ್ಷ ತಗೊಂಡ ತಿಂಗಳದಾಗೇ ತಗೋರಿ. ಹೋಲಿಸಲಿಕ್ಕೆ ಬರ್ತದ.’

ಹೀಗೆ ಮುಂದಿನ ರಂಜಾನಿನ ಒಂದು ಮಧ್ಯಾಹ್ನ ಸುಮಯ್ಯ ಮೊದಲ ಸಲ ಲ್ಯಾಪ್‌ಟಾಪ್ ಹಿಡಿದು ಏಸಿ ಬಿಟ್ಟು ಕೆಳಗಿಳಿದಳು. ತಗಡಿನ ಕಾವು ನೆತ್ತಿಗೆ ಇಳಿಯಿತು. ತಾನೂ ಹಸಿದಿದ್ದಳು, ನಾಲಿಗೆ ಒಣಗಿತ್ತು. ಎದುರಿಗೆ ಅಫ್ಸಾನಾ. ಅವಳ ಮಷೀನಿನ ಪಕ್ಕ ಕಫ್ಫಿನ ಕಟ್ಟುಗಳು ಮೊಣಕೈಯೆತ್ತರ ಬಿದ್ದಿದ್ದವು. ಬಟ್ಟೆ ಸೂಜಿಗೆ ಕೊಡುವಾಗ ಬೆರಳು ನಡುಗುತ್ತಿದ್ದವು. ಎರಡು ಹೊಲಿಗೆ ಹಾಕಿ ಕಣ್ಣು ಮುಚ್ಚಿ ಮಷೀನಿಗೆ ಹಣೆ ಹಚ್ಚುವುದು, ಮತ್ತೆ ತಲೆ ಎತ್ತುವುದು.

ಪಕ್ಕದಲ್ಲಿ ಫಕ್ಕೀರವ್ವ. ಮುಂದೆ ದಾಟಿಸಲು ಜಾಗವಿಲ್ಲದೆ ಅವಳ ಕೆಲಸ ನಿಂತಿತ್ತು. ಬುತ್ತಿ ಈ ವರ್ಷವೂ ಬಿಚ್ಚಿರಲಿಲ್ಲ, ಕಟ್ಟಿದ ಹಾಗೆಯೇ ಕಾಲ ಬಳಿ ಇತ್ತು. ಲೈನಿನಲ್ಲೇ ಚುರುಕಾದ ಆ ಎರಡು ಕೈಗಳನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡು, ಅಫ್ಸಾನಾಳ ನಡುಗುವ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು.

ಸುಮಯ್ಯ ತಡೆಯಲಾರದೆ ಲ್ಯಾಪ್‌ಟಾಪನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಮೇಲಿನ ಒಂದು ಕಟ್ಟಿಗೆ ಕೈ ಹಾಕಿದಳು. ಎಷ್ಟೆಂದರೂ ದರ್ಜಿಯ ಮಗಳು, ಕಫ್ಫು ಹೊಲಿಯಲು ಬಾರದೇ? ಅಫ್ಸಾನಾ ತಲೆ ಎತ್ತಿದಳು. ಹತ್ತಿರ ಹತ್ತಿರ ಒಂದು ವರ್ಷಕ್ಕೆ ಅತ್ತಿಗೆಯ ಬಾಯಿಂದ ಮಾತು ಬಂತು.

‘ಇಡು ಅದನ್ನ. ನಿನ್ನ ಹೆಬ್ಬೆರಳು ಇದಕ್ಕ ನಡಿಯಂಗಿಲ್ಲ.’

ಸುಮಯ್ಯ ಕಟ್ಟು ಇಟ್ಟಳು. ‘ಭಾಬಿ, ತಪ್...’ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅಫ್ಸಾನಾ ಮಷೀನು ಒತ್ತಿಬಿಟ್ಟಿದ್ದಳು, ಆ ಗದ್ದಲದಲ್ಲಿ ಮಾತು ಮುಳುಗಿತು.

ಕೇಳಿಸಿದ್ದು ಫಕ್ಕೀರವ್ವನ ಗಂಟಲು ಮಾತ್ರ. ಅವಳು ತೊಡೆಯ ಮೇಲಿನ ಎರಡೂ ಕೈಗಳನ್ನು ಎತ್ತಿ, ಅಂಗೈ ಅಗಲ ಮಾಡಿ ಸುಮಯ್ಯಳ ಮುಖದ ಮುಂದೆ ಹಿಡಿದಳು.

‘ನೋಡು, ಖಾಲಿ ಕುಂತೇನಿ. ಬರಕೋ.’

ಸ್ಟೂಲಿನ ಮೇಲೆ ಪರದೆ ಓಡುತ್ತಲೇ ಇತ್ತು. ಕಫ್ಫಿನ ಚೌಕ ಕೆಂಪಾಗಿತ್ತು, ಅದರ ಹಿಂದಿನ ತೋಳಿನ ಚೌಕ ಕೆಲಸವಿಲ್ಲದೆ ಬೆಳ್ಳಗೆ ನಿಂತಿತ್ತು. ನೆಲದ ಲೈನಿಗೂ ಪರದೆಯ ಲೈನಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಸುಮಯ್ಯಳ ಮಾದರಿ ಸರಿಯಾಗಿತ್ತು.